ಮುದ್ರಣದ ಪಾಠಕ್ಕೆ ಐಸ್‌ಲ್ಯಾಂಡನ್ನೂ ಸೇರಿಸಿ: ಪಠ್ಯಪುಸ್ತಕ ಬರೆಯುವವರಿಗೊಂದು ಬಹಿರಂಗ ಪತ್ರ

ಸಮಾಜ ವಿಜ್ಞಾನದ ಪಠ್ಯಪುಸ್ತಕ ಬರೆಯುವ, ಪರಿಷ್ಕರಿಸುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮುದ್ರಣ ಮತ್ತು ಮತ ಸುಧಾರಣೆಯ ಪಾಠ ಬಂದಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ತರಗತಿಯಲ್ಲಿ ನಾವು ಹೇಳುವ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ: ಜರ್ಮನಿಯ ಗುಟೆನ್‌ಬರ್ಗ್ 1455ರ ಹೊತ್ತಿಗೆ ಬೈಬಲ್ ಅಚ್ಚು ಹಾಕಿದ. 1517ರಲ್ಲಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ 95 ವಾದಗಳನ್ನು ಬರೆದ. ಅವು ಅಚ್ಚಾಗಿ ಊರೂರು ತಲುಪಿದವು. ಚರ್ಚ್ ಒಡೆದು ಎರಡಾಯಿತು. ಅಲ್ಲಿಗೆ ಪಾಠ ಮುಗಿಯಿತು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಮಾತ್ರ ತೀರಾ ಸರಳವಾದ ಒಂದು ಲೆಕ್ಕ. ಯಂತ್ರ ಬಂತು, ಹಳೇ ಚರ್ಚ್ ಸೋತಿತು, ಹೊಸದು ಗೆದ್ದಿತು. ಅಚ್ಚಿನ ಯಂತ್ರ ಅಂದರೆ ಲೂಥರನ ದಾರಿ ಹಿಡಿದ ಪ್ರಾಟೆಸ್ಟೆಂಟರ ಆಯುಧ ಅನ್ನುವ ಭಾವನೆ ಕೂತುಬಿಡುತ್ತದೆ. ಪುಸ್ತಕ ಅಚ್ಚಾದ ಮೇಲೆ ಅದು ಯಾರ ಮನೆಗೆ ಹೋಯಿತು, ಯಾವ ಭಾಷೆಯಲ್ಲಿ ಹೋಯಿತು, ಹೋಗಿ ಏನು ಮಾಡಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಜರ್ಮನಿಯ ಕಥೆಯ ಪಕ್ಕದಲ್ಲಿ ಐಸ್‌ಲ್ಯಾಂಡಿಗೆ ಒಂದು ಪುಟ ಕೊಡಿ.

ಐಸ್‌ಲ್ಯಾಂಡೇ ಯಾಕೆ ಅಂತ ಕೇಳುತ್ತೀರಿ. ಉತ್ತರ ಅಟ್ಲಾಂಟಿಕ್‌ನ ಈ ದ್ವೀಪ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಇವತ್ತು ಅಲ್ಲಿರುವ ಜನ ಸುಮಾರು ನಾಲ್ಕು ಲಕ್ಷ. 1703ರಲ್ಲಿ ಮನೆಮನೆಗೆ ಹೋಗಿ ಎಣಿಸಿದಾಗ ಇದ್ದವರು 50,358 ಮಂದಿ. ಇಷ್ಟು ಚಿಕ್ಕ ಜಾಗವಾದ್ದರಿಂದ ಯಾವುದು ಯಾವುದಕ್ಕೆ ಕಾರಣವಾಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ದೊಡ್ಡ ದೇಶಗಳ ಕಥೆಯಲ್ಲಿ ಯುದ್ಧ, ವ್ಯಾಪಾರ, ರಾಜಮನೆತನಗಳ ಗಲಾಟೆಯೆಲ್ಲ ಸೇರಿ ಮಕ್ಕಳಿಗೆ ತಲೆಬುಡ ತಿಳಿಯುವುದಿಲ್ಲ, ಅಲ್ವಾ?

ಐಸ್‌ಲ್ಯಾಂಡಿನವರು ಕ್ರೈಸ್ತರಾದದ್ದು ಸುಮಾರು ಕ್ರಿ.ಶ. 1000ದಲ್ಲಿ, ಒಂದು ಕಾನೂನಿನ ಮೂಲಕ. ಥಿಂಗ್‌ವೆಟ್ಲಿರ್ ಎಂಬ ಬಯಲಿನಲ್ಲಿ ಪ್ರತಿವರ್ಷ ನಾಡಿನ ಮುಖಂಡರೆಲ್ಲ ಸೇರುತ್ತಿದ್ದರು. ಆಲ್ಥಿಂಗ್ ಅಂತ ಆ ಸಭೆಯ ಹೆಸರು. ಹಳೇ ದೇವರುಗಳನ್ನು ನಂಬುವವರಿಗೂ ಕ್ರೈಸ್ತರಿಗೂ ಜಗಳ ಹತ್ತಿತು. ತೀರ್ಮಾನ ಹೇಳುವ ಹೊಣೆ ಥೋರ್ಗೇರ್ ಎಂಬ ಹಿರಿಯನ ಮೇಲೆ ಬಿತ್ತು. ಆತ ಹಳೇ ನಂಬಿಕೆಯವನೇ. ಒಂದು ಹಗಲು, ಒಂದು ರಾತ್ರಿ ಹೊದಿಕೆ ಹೊದ್ದು ಮಲಗಿದ್ದು, ಎದ್ದು ಬಂದು ಎಲ್ಲರೂ ಕ್ರೈಸ್ತರಾಗೋಣ ಎಂದ ಅಂತ ಅವರ ಹಳೇ ಚರಿತ್ರೆ ಹೇಳುತ್ತದೆ. ಆ ಬಯಲು 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಆಮೇಲೆ ಎರಡು ಬಿಷಪ್ ಪೀಠಗಳು ಹುಟ್ಟಿಕೊಂಡವು. ದಕ್ಷಿಣಕ್ಕೆ ಸ್ಕಾಲ್‌ಹೋಲ್ಟ್, ಉತ್ತರಕ್ಕೆ ಹೋಲಾರ್. ಲಿಪಿಯೂ ಪುಸ್ತಕವೂ ಚರ್ಚಿನ ಜೊತೆಗೇ ಬಂದವು. ಆದರೆ ಅಲ್ಲಿನ ಜನ ಲ್ಯಾಟಿನ್‌ಗೆ ಅಂಟಿಕೊಳ್ಳದೆ ತಮ್ಮದೇ ಮಾತಿನಲ್ಲಿ ಬರೆಯಲು ಕೂತರು. ಕರುವಿನ ಚರ್ಮ ಹದಮಾಡಿ, ಅದರ ಮೇಲೆ ವಂಶಗಳ ಕಥೆ, ದ್ವೇಷ, ಪ್ರಯಾಣ, ಹಳೇ ದೇವರುಗಳ ಹಾಡು, ಎಲ್ಲ ಬರೆದರು. ಸಾಗಾ ಅಂತ ಜಗತ್ತು ಇವತ್ತು ಕರೆಯುವುದು ಈ ಕಥೆಗಳನ್ನೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಅಚ್ಚಿನ ವಿಷಯ. ಐಸ್‌ಲ್ಯಾಂಡಿಗೆ ಮುದ್ರಣಯಂತ್ರ ತರಿಸಿದ್ದು ಲೂಥರನ ಕಡೆಯವರಲ್ಲ. ಸುಮಾರು 1530ರಲ್ಲಿ ಅದನ್ನು ತರಿಸಿದವರು ಹೋಲಾರ್‌ನ ಕ್ಯಾಥೊಲಿಕ್, ಅಂದರೆ ಹಳೇ ಚರ್ಚಿನ, ಬಿಷಪ್ ಯೋನ್ ಅರಾಸೋನ್. ಅವರು ಕವಿ, ಹಟಮಾರಿ, ಸೇನೆ ಕಟ್ಟಿಕೊಂಡು ಹೊರಡುವಷ್ಟು ಗಟ್ಟಿಗ. ಸ್ವೀಡನ್ನಿನಿಂದ ಯೋನ್ ಮಾತ್ತಿಯಾಸೋನ್ ಎಂಬ ಪಾದ್ರಿ ಮುದ್ರಕನನ್ನು ಕರೆಸಿಕೊಂಡರು. 1534ರಲ್ಲಿ ಲ್ಯಾಟಿನ್ ಪ್ರಾರ್ಥನಾ ಪುಸ್ತಕವೊಂದು ಅಲ್ಲಿ ಅಚ್ಚಾಯಿತು. ಅದರ ಪೂರ್ತಿ ಪ್ರತಿ ಒಂದೂ ಉಳಿದಿಲ್ಲ. ಗೊತ್ತಿದ್ದ ಕೊನೆಯ ಪ್ರತಿ 1728ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಬೇರೊಂದು ಪುಸ್ತಕದ ರಟ್ಟಿನೊಳಗೆ ಸೇರಿಕೊಂಡಿದ್ದ ಎರಡು ಹಾಳೆಗಳು ಮಾತ್ರ ಸ್ಟಾಕ್‌ಹೋಮ್‌ನಲ್ಲಿ ಸಿಕ್ಕಿವೆ. ಕ್ಯಾಥೊಲಿಕ್ ಚರ್ಚೂ ಮುದ್ರಣವನ್ನು ಕೈಗೆತ್ತಿಕೊಂಡಿತ್ತು ಅನ್ನುವುದಕ್ಕೆ ಈ ಎರಡು ಹಾಳೆ ಸಾಕ್ಷಿ. ಪಠ್ಯಪುಸ್ತಕದಲ್ಲಿ ಈ ಒಂದು ವಿಷಯ ಬಂದರೂ ಯಂತ್ರವೇ ಚರ್ಚನ್ನು ಒಡೆಯಿತು ಅನ್ನುವ ಲೆಕ್ಕ ಸಡಿಲವಾಗುತ್ತದೆ.

ಅದೇ ಕಾಲಕ್ಕೆ ದಕ್ಷಿಣದ ಸ್ಕಾಲ್‌ಹೋಲ್ಟ್‌ನಲ್ಲಿ ಇನ್ನೊಂದು ಕೆಲಸ ಗುಟ್ಟಾಗಿ ನಡೆಯುತ್ತಿತ್ತು. ಓದ್ದುರ್ ಗೊತ್‌ಸ್ಕಾಲ್ಕ್‌ಸೋನ್ ಎಂಬಾತ ವಯಸ್ಸಾದ ಕ್ಯಾಥೊಲಿಕ್ ಬಿಷಪ್ಪರ ಕೈಕೆಳಗೆ ಕೆಲಸಕ್ಕಿದ್ದ. ಹೊರದೇಶದಲ್ಲಿ ಓದುವಾಗಲೇ ಲೂಥರನ ವಿಚಾರಗಳನ್ನು ಮೆಚ್ಚಿಕೊಂಡು ಬಂದವನು. ಬಿಷಪ್ಪರಿಗೆ ಗೊತ್ತಾಗದ ಹಾಗೆ ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಐಸ್‌ಲ್ಯಾಂಡಿಕ್‌ಗೆ ಅನುವಾದ ಮಾಡಲು ಶುರುಮಾಡಿದ. ಎಲ್ಲಿ ಕೂತು ಬರೆದ ಗೊತ್ತಾ? ದನದ ಕೊಟ್ಟಿಗೆಯಲ್ಲಿ. ಯೇಸು ಗೋದಲಿಯಲ್ಲಿ ಮಲಗಿದ್ದ, ನಾನು ಅವನ ಮಾತನ್ನು ಕೊಟ್ಟಿಗೆಯಲ್ಲೇ ನನ್ನ ಜನರ ಭಾಷೆಗೆ ತರುತ್ತಿದ್ದೇನೆ ಎಂದು ಆತ ಹೇಳಿಕೊಂಡನಂತೆ. ಆ ಅನುವಾದ 1540ರಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆ ಪಟ್ಟಣದಲ್ಲಿ ಅಚ್ಚಾಯಿತು. ಐಸ್‌ಲ್ಯಾಂಡಿಕ್‌ನಲ್ಲಿ ಅಚ್ಚಾಗಿ ನಮಗೆ ಉಳಿದು ಬಂದಿರುವ ಪುಸ್ತಕಗಳಲ್ಲಿ ಇದೇ ಹಳೆಯದು.

ಇಲ್ಲಿಂದ ಮುಂದಿನ ಕಥೆ ಸುಖದ್ದಲ್ಲ. ದಯವಿಟ್ಟು ಅದನ್ನು ಮುಚ್ಚಬೇಡಿ. ಆಗ ಐಸ್‌ಲ್ಯಾಂಡನ್ನು ಆಳುತ್ತಿದ್ದವನು ಡೆನ್ಮಾರ್ಕಿನ ರಾಜ. ಅವನು ಲೂಥರನ್ ಆದ, ಹಾಗಾಗಿ ದ್ವೀಪವೂ ಲೂಥರನ್ ಆಗಬೇಕು ಅಂತ ಹಟ ಹಿಡಿದ. ಜನರನ್ನು ಕೇಳಿ ಆದ ಬದಲಾವಣೆ ಅಲ್ಲ ಇದು. ಮಠಗಳ ಆಸ್ತಿ ರಾಜನ ಪಾಲಾಯಿತು. ಯೋನ್ ಅರಾಸೋನ್ ಕೊನೆಯವರೆಗೂ ಬಗ್ಗಲಿಲ್ಲ. 1550ರ ನವೆಂಬರ್ 7ರಂದು ಸ್ಕಾಲ್‌ಹೋಲ್ಟ್‌ನಲ್ಲಿ ಅವರ ತಲೆ ಕಡಿದರು. ಜೊತೆಗೆ ಅವರ ಇಬ್ಬರು ಗಂಡುಮಕ್ಕಳದ್ದೂ. ವಿಚಾರಣೆ ಅಂತ ಏನೂ ನಡೆಯಲಿಲ್ಲ. ಯಂತ್ರ ತಂದವರು ಹೋದರು, ಯಂತ್ರ ಮಾತ್ರ ಉಳಿಯಿತು.

ಅದನ್ನು ದೊಡ್ಡ ಕೆಲಸಕ್ಕೆ ಹಚ್ಚಿದವರು ಗುದ್‌ಬ್ರಾಂಡುರ್ ಥೋರ್ಲಾಕ್‌ಸೋನ್. 1571ರಿಂದ 1627ರವರೆಗೆ, ಅಂದರೆ 56 ವರ್ಷ, ಹೋಲಾರ್‌ಗೆ ಅವರೇ ಬಿಷಪ್. ಗಣಿತ ಗೊತ್ತಿತ್ತು, ದೇಶದ ನಕ್ಷೆ ಮಾಡಿದ್ದರು, ಅಚ್ಚುಮೊಳೆಯ ಕೆಲಸದ ಮೇಲಂತೂ ಜೀವ. ತಮ್ಮ ಕಾಲದಲ್ಲಿ ನೂರರ ಹತ್ತಿರ ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ದೊಡ್ಡದು 1584ರ ಪೂರ್ತಿ ಬೈಬಲ್. ಹೊಸ ಒಡಂಬಡಿಕೆಯ ಭಾಗಕ್ಕೆ ಕೊಟ್ಟಿಗೆಯಲ್ಲಿ ಹುಟ್ಟಿದ ಓದ್ದುರ್‌ನ ಅನುವಾದವನ್ನೇ ತಿದ್ದಿ ಬಳಸಿಕೊಂಡರು.

ಆ ಬೈಬಲ್ ಹೇಗೆ ತಯಾರಾಯಿತು ಅನ್ನುವುದನ್ನು ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1,200ಕ್ಕೂ ಜಾಸ್ತಿ ಪುಟ, ನಡುನಡುವೆ ಮರದ ಅಚ್ಚಿನಿಂದ ಒತ್ತಿದ ಚಿತ್ರಗಳು. ಮರವೇ ಅಪರೂಪವಾದ ದ್ವೀಪ ಅದು. ಕಾಗದ ಸಮುದ್ರ ದಾಟಿ ಬರಬೇಕು. ಏಳು ಜನ ಸೇರಿ ಸುಮಾರು ಎರಡು ವರ್ಷ ದುಡಿದು 500 ಪ್ರತಿ ತೆಗೆದರು. ಖರ್ಚಿಗೆ ಪ್ರತಿಯೊಂದು ಚರ್ಚೂ ಒಂದೊಂದು ಬೆಳ್ಳಿ ನಾಣ್ಯ ಕೊಡಬೇಕೆಂದು ರಾಜನ ಆಜ್ಞೆಯಾಯಿತು. ಒಂದು ಪ್ರತಿಯ ಬೆಲೆ ಎರಡು ಮೂರು ಹಸುವಿನ ಬೆಲೆಗೆ ಸಮ. ಇಷ್ಟು ದುಬಾರಿ ಪುಸ್ತಕವನ್ನು ಸುಮ್ನೆ ಯಾರು ಕೊಳ್ಳುತ್ತಾರೆ? ಆದರೂ ಅದು ದೇಶದ ಚರ್ಚುಗಳಿಗೆ ಹೋಯಿತು. ಆದಿತ್ಯವಾರದ ಆರಾಧನೆಯಲ್ಲಿ ರೈತನಿಗೆ ಕೇಳಿಸಿದ್ದು ತನ್ನ ಮನೆಯಲ್ಲಿ ಆಡುವ ಮಾತು.

ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ ಪಕ್ಕದ ಫಾರೋ ದ್ವೀಪಗಳನ್ನು ನೋಡಬೇಕು. ನನ್ನ ಇಡೀ ಪತ್ರದ ತಿರುಳು ಇದೇ. ಫಾರೋ ದ್ವೀಪದವರೂ ಐಸ್‌ಲ್ಯಾಂಡಿನವರ ಹಾಗೆ ನಾರ್ವೆಯಿಂದ ಬಂದು ನೆಲೆಸಿದ ಜನರ ವಂಶದವರು. ಎರಡು ಭಾಷೆಗಳೂ ಒಂದೇ ಬುಡದವು. ಇಬ್ಬರಿಗೂ ರಾಜ ಒಬ್ಬನೇ. ಇಬ್ಬರ ಮೇಲೂ ಅದೇ ಲೂಥರನ್ ಮತ ಬಂತು. ಆದರೆ ಫಾರೋದವರ ಭಾಷೆಯಲ್ಲಿ ಬೈಬಲ್ ಬರಲಿಲ್ಲ. 1550ರಲ್ಲಿ ಅಚ್ಚಾಗಿದ್ದ ಡೇನಿಶ್ ಬೈಬಲ್ಲೇ ಅವರ ಚರ್ಚಿಗೂ ಬಂತು. ಕೀರ್ತನೆ ಡೇನಿಶ್‌ನಲ್ಲಿ, ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಡೇನಿಶ್‌ನಲ್ಲಿ, ಬರೆಯುವ ಭಾಷೆಯೂ ಡೇನಿಶ್ಶೇ ಆಯಿತು. ಮನೆಯಲ್ಲಿ ಮಾತ್ರ ಫಾರೋ ಭಾಷೆ. ಅದಕ್ಕೆ ಒಂದು ಒಪ್ಪಿತವಾದ ಬರಹ ಸಿಕ್ಕಿದ್ದು 1846ರಲ್ಲಿ. ಹೊಸ ಒಡಂಬಡಿಕೆ ಪೂರ್ತಿಯಾಗಿ ಬಂದದ್ದು 1937ರಲ್ಲಿ, ಇಡೀ ಬೈಬಲ್ 1949ರಲ್ಲಿ. ಐಸ್‌ಲ್ಯಾಂಡಿಗಿಂತ 365 ವರ್ಷ ತಡ.

ನಾರ್ವೆಯ ಗತಿಯೂ ಹಾಗೇ ಆಯಿತು. ಅಷ್ಟು ದೊಡ್ಡ ದೇಶದ ಬರವಣಿಗೆಯನ್ನೂ ಡೇನಿಶ್ ನುಂಗಿಹಾಕಿತು.

ಹಾಗಾದರೆ ಐಸ್‌ಲ್ಯಾಂಡಿಕ್ ಉಳಿದದ್ದು ಬರೀ ಅಚ್ಚಿನಿಂದಲೇ? ಹಾಗೆ ಬರೆದರೆ ಮತ್ತೆ ಇನ್ನೊಂದು ಸರಳ ಲೆಕ್ಕ ಹೇಳಿದ ಹಾಗಾಗುತ್ತದೆ. ಮೊದಲೇ ಹೇಳಿದ ಆ ಚರ್ಮದ ಪುಸ್ತಕಗಳನ್ನು ನೆನಪಿಸಿಕೊಳ್ಳಿ. ಐಸ್‌ಲ್ಯಾಂಡಿನವರ ಕೈಯಲ್ಲಿ ಆಗಲೇ ಬೆಳೆದು ಬಲಿತ ಬರಹದ ಭಾಷೆ ಇತ್ತು. ಓದ್ದುರ್ ಕೊಟ್ಟಿಗೆಯಲ್ಲಿ ಕೂತು ಬರೆಯುವಾಗ ಅವನಿಗೆ ಮಾತು ಹುಡುಕುವ ಕಷ್ಟ ಇರಲಿಲ್ಲ. ಫಾರೋದವರ ಬಳಿ ಅಷ್ಟು ದೊಡ್ಡ ಗ್ರಂಥರಾಶಿ ಇರಲಿಲ್ಲ, ಇದ್ದದ್ದು ಬಾಯಲ್ಲಿ ಉಳಿದ ಹಾಡುಗಳು. ಕೈಬರಹ ಭಾಷೆಯನ್ನು ಸಿದ್ಧಮಾಡಿತು. ಅಚ್ಚು ಆ ಭಾಷೆಗೆ ಚರ್ಚಿನೊಳಗೆ ಜಾಗ ಕೊಟ್ಟಿತು. ಎರಡೂ ಸೇರಿದ್ದಕ್ಕೆ ಇವತ್ತಿನ ಐಸ್‌ಲ್ಯಾಂಡಿನ ವಿದ್ಯಾರ್ಥಿ 1584ರ ಬೈಬಲ್ಲನ್ನು ಹೆಚ್ಚು ಕಷ್ಟವಿಲ್ಲದೆ ಓದಬಲ್ಲ.

ಇನ್ನು ಅಚ್ಚು ಮತವನ್ನು ಹೇಗೆ ಬದಲಿಸಿತು ಅನ್ನುವ ಪ್ರಶ್ನೆ. ಬೈಬಲ್‌ಗಿಂತ ಚಿಕ್ಕ ಪುಸ್ತಕಗಳು ಮಾಡಿದ ಕೆಲಸ ಜಾಸ್ತಿ ಅಂತ ನನಗನಿಸುತ್ತದೆ. ಗುದ್‌ಬ್ರಾಂಡುರ್ 1589ರಲ್ಲಿ ಕೀರ್ತನೆಗಳ ಪುಸ್ತಕ ಅಚ್ಚು ಹಾಕಿಸಿದರು. ಅದರ ಮುನ್ನುಡಿಯಲ್ಲಿ ಜನ ರಾಕ್ಷಸರ ಹಾಡು, ವೀರರ ಹಾಡು, ಪ್ರೇಮದ ಹಾಡು ಹಾಡುತ್ತಾ ಕಾಲ ಕಳೆಯುತ್ತಾರೆ ಅಂತ ಬೇಸರಪಟ್ಟಿದ್ದಾರೆ. ಜನ ಬಿಟ್ಟರೇ? ಇಲ್ಲ. ಕೊನೆಗೆ ಬಿಷಪ್ಪರೇ ದಾರಿ ಬದಲಿಸಿದರು. ಜನ ಮೆಚ್ಚುವ ಅದೇ ಮಟ್ಟಿನಲ್ಲಿ ಬೈಬಲ್ ಕಥೆಗಳನ್ನು ಕವಿಗಳಿಂದ ಬರೆಸಿ 1612ರಲ್ಲಿ ಒಂದು ಹಾಡಿನ ಪುಸ್ತಕ ತಂದರು. ಚರ್ಚ್ ಜನರನ್ನು ಬದಲಿಸಲು ಹೊರಟು, ಜನರ ಹಾಡಿಗೆ ತಾನೇ ಬಾಗಬೇಕಾಯಿತು. ನನಗೆ ಈ ಘಟನೆ ತುಂಬಾ ಇಷ್ಟ.

1666ರಲ್ಲಿ ಹೋಲಾರ್‌ನಲ್ಲೇ ಹಾಲ್‌ಗ್ರೀಮುರ್ ಪೇತುರ್ಸೋನ್ ಎಂಬ ಪಾದ್ರಿಯ 50 ಕೀರ್ತನೆಗಳು ಅಚ್ಚಾದವು. ಕ್ರಿಸ್ತನ ಕೊನೆಯ ದಿನಗಳ ನೋವಿನ ಬಗ್ಗೆ ಬರೆದವು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮನೆಮನೆಯಲ್ಲಿ ಅವನ್ನು ಹಾಡುವುದು ರೂಢಿಯಾಯಿತು. ಇವತ್ತಿಗೂ ಆ ದಿನಗಳಲ್ಲಿ ಅಲ್ಲಿನ ರೇಡಿಯೊದಲ್ಲಿ ಅವನ್ನು ಓದುತ್ತಾರೆ. 1718ರಿಂದ 1720ರ ನಡುವೆ ಸ್ಕಾಲ್‌ಹೋಲ್ಟ್‌ನ ಬಿಷಪ್ ಯೋನ್ ವೀದಾಲಿನ್ ಅವರ ಪ್ರಸಂಗಗಳ ಸಂಗ್ರಹ ಬಂತು. ಮನೆಯಲ್ಲಿ ಓದಲಿಕ್ಕೆ ಅಂತಲೇ ಮಾಡಿದ ಪುಸ್ತಕ ಅದು.

ಆ ಓದು ನಡೆಯುತ್ತಿದ್ದ ರೀತಿ ಕೇಳಿ. ಚಳಿಗಾಲದಲ್ಲಿ ಅಲ್ಲಿ ಬೆಳಕು ಇರುವುದೇ ಕೆಲವು ಗಂಟೆ. ಹುಲ್ಲು ಬೆಳೆದ ಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ ಮನೆ. ಒಳಗೆ ಎಲ್ಲರೂ ಮಲಗುವ, ಕೆಲಸ ಮಾಡುವ, ಉಣ್ಣುವ ಒಂದೇ ಉದ್ದದ ಕೋಣೆ. ಮೀನೆಣ್ಣೆಯ ದೀಪ. ಮನೆಯವರೂ ಆಳುಗಳೂ ಮಂಚಗಳ ಮೇಲೆ ಕೂತು ಉಣ್ಣೆ ಹಿಂಜುತ್ತಾರೆ, ನೂಲುತ್ತಾರೆ, ಹೆಣೆಯುತ್ತಾರೆ. ಒಬ್ಬರು ದೀಪದ ಹತ್ತಿರ ಕೂತು ಜೋರಾಗಿ ಓದುತ್ತಾರೆ. ಮೊದಲು ಸಾಗಾ, ಇಲ್ಲವೇ ಯಾವುದಾದರೂ ವೀರನ ಹಾಡು. ಮಲಗುವ ಮುಂಚೆ ಕೀರ್ತನೆ ಮತ್ತು ಪ್ರಸಂಗ. ಹಿಮ ಬಿದ್ದು ದಾರಿ ಮುಚ್ಚಿದರೆ ಚರ್ಚಿಗೆ ಹೋಗುವ ಹಾಗಿಲ್ಲ. ಆಗ ಈ ಕೋಣೆಯೇ ಚರ್ಚ್, ಓದುವವರೇ ಪಾದ್ರಿ. ಅಚ್ಚಿನ ಪುಸ್ತಕ ಕ್ರೈಸ್ತ ಮತವನ್ನು ಪೀಠದಿಂದ ಇಳಿಸಿ ಮಂಚದ ಮೇಲೆ ಕೂರಿಸಿದ್ದು ಹೀಗೆ.

ಮಕ್ಕಳು ಓದು ಕಲಿತದ್ದೂ ಅಲ್ಲೇ. ದೇಶದಲ್ಲಿ ಊರೂರಿಗೆ ಶಾಲೆ ಇರಲಿಲ್ಲ. 1740ರ ದಶಕದಲ್ಲಿ ಡೆನ್ಮಾರ್ಕಿನಿಂದ ಲುಡ್ವಿಗ್ ಹಾರ್ಬೊ ಎಂಬವರು ಬಂದು ದ್ವೀಪವೆಲ್ಲ ತಿರುಗಿ ಯಾರಿಗೆ ಓದಲು ಬರುತ್ತದೆ ಅಂತ ಪರೀಕ್ಷಿಸಿದರು. ಆಮೇಲೆ ಚರ್ಚಿನ ಪಾದ್ರಿಗಳು ಮನೆಮನೆಗೆ ಹೋಗಿ ಮಕ್ಕಳ ಓದು ನೋಡಬೇಕೆಂಬ ಕಟ್ಟಳೆ ಬಂತು. ಹೇಳಿಕೊಡುವ ಹೊಣೆ ತಂದೆತಾಯಿಯದು. ಆ ಶತಮಾನ ಮುಗಿಯುವ ಹೊತ್ತಿಗೆ ಬಹುತೇಕ ಎಲ್ಲರಿಗೂ ಓದು ಬರುತ್ತಿತ್ತು. ಬಡ ಆಳುಮಕ್ಕಳಿಗೂ ಬರುತ್ತಿತ್ತು.

ಚರ್ಚಿನ ಹೊಗಳಿಕೆ ಮಾತ್ರ ಬೇಡ, ಅದರ ಇನ್ನೊಂದು ಮುಖವನ್ನೂ ಬರೆಯಿರಿ. 1773ರಲ್ಲಿ ಹ್ರಾಪ್‌ಸೇ ಎಂಬ ಪುಟ್ಟ ದ್ವೀಪದಲ್ಲಿ ಬೇರೆಯವರು ಅಚ್ಚುಕೂಟ ತೆರೆಯುವವರೆಗೂ ಇಡೀ ದೇಶದ ಮುದ್ರಣ ಚರ್ಚಿನ ಮುಷ್ಟಿಯಲ್ಲಿತ್ತು. ಬಿಷಪ್ಪರಿಗೆ ಬೇಕಾದದ್ದು ಅಚ್ಚಾಗುತ್ತಿತ್ತು. ನಾಡಿನ ಹೆಮ್ಮೆಯಾದ ಸಾಗಾಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯ ಸಿಗಲಿಲ್ಲ. ಒಂದಿಷ್ಟು ಅಪವಾದ ಉಂಟು. 1688ರಲ್ಲಿ ಸ್ಕಾಲ್‌ಹೋಲ್ಟ್‌ನಲ್ಲಿ ದ್ವೀಪಕ್ಕೆ ಜನ ಬಂದು ನೆಲೆಸಿದ ಹಳೇ ಚರಿತ್ರೆಯನ್ನು ಒಬ್ಬ ಬಿಷಪ್ಪರೇ ಅಚ್ಚು ಹಾಕಿಸಿದರು. ಉಳಿದಂತೆ ರೈತರು ಸಾಗಾಗಳನ್ನು ಕೈಯಲ್ಲೇ ಪ್ರತಿ ಮಾಡಿಕೊಳ್ಳುತ್ತಿದ್ದರು. ಗುಟೆನ್‌ಬರ್ಗ್ ಬಂದು ನಾನೂರು ವರ್ಷವಾದರೂ, 19ನೇ ಶತಮಾನದಲ್ಲೂ, ಹಳ್ಳಿಮನೆಗಳಲ್ಲಿ ಹಸ್ತಪ್ರತಿ ಬರೆಯುವುದು ನಿಂತಿರಲಿಲ್ಲ. ಅಚ್ಚು ಬಂದ ದಿನವೇ ಕೈಬರಹ ಸತ್ತಿತು ಅಂತ ನಾವು ಹೇಳುವುದು ಎಷ್ಟು ತಪ್ಪು ನೋಡಿ.

ಹಳೇ ಚರ್ಮದ ಪುಸ್ತಕಗಳ ಕಥೆಯೂ ಇದೆ. ಆರ್ನಿ ಮಾಗ್ನುಸೋನ್ ಎಂಬ ವಿದ್ವಾಂಸರು ಊರೂರು ಅಲೆದು ಅವನ್ನು ಕೂಡಿಹಾಕಿ ಕೋಪನ್‌ಹೇಗನ್‌ಗೆ ಒಯ್ದಿದ್ದರು. 1728ರ ಬೆಂಕಿಯಲ್ಲಿ ಮುಖ್ಯವಾದವುಗಳನ್ನು ಹೇಗೋ ಉಳಿಸಿಕೊಂಡರು. ಐಸ್‌ಲ್ಯಾಂಡ್ 1944ರಲ್ಲಿ ಗಣರಾಜ್ಯವಾದ ಮೇಲೆ ನಮ್ಮ ಪುಸ್ತಕ ನಮಗೆ ಕೊಡಿ ಅಂತ ಪಟ್ಟು ಹಿಡಿಯಿತು. 1971ರ ಏಪ್ರಿಲ್ 21ರಂದು ಡೆನ್ಮಾರ್ಕಿನ ನೌಕಾಪಡೆಯ ಹಡಗಿನಲ್ಲಿ ಮೊದಲ ಎರಡು ಪುಸ್ತಕ ರೇಕ್ಯಾವಿಕ್ ಬಂದರಿಗೆ ಬಂದಾಗ ಅವನ್ನು ಬರಮಾಡಿಕೊಳ್ಳಲು ಸಾವಿರಾರು ಜನ ಸೇರಿದ್ದರು. ಒಂದು ದೇಶ ಪುಸ್ತಕವನ್ನು ಎದುರುಗೊಳ್ಳಲು ಬಂದರಿಗೆ ಹೋಯಿತು ಎಂದು ಹೇಳಿದರೆ ಒಂಬತ್ತನೇ ತರಗತಿಯ ಮಕ್ಕಳಿಗೆ ಯಾವ ವ್ಯಾಖ್ಯಾನವೂ ಬೇಕಾಗುವುದಿಲ್ಲ.

ಇದು ನಮಗೆ ತೀರಾ ದೂರದ ವಿಷಯ ಅಂತ ಯಾರಾದರೂ ಆಕ್ಷೇಪ ಎತ್ತಬಹುದು. ಅಷ್ಟೇನೂ ದೂರವಿಲ್ಲ. ಅದೇ ಡೆನ್ಮಾರ್ಕಿನ ರಾಜನಿಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಇತ್ತು. 1620ರ ದಶಕದಲ್ಲಿ ಯೋನ್ ಓಲಾಫ್‌ಸೋನ್ ಎಂಬ ಐಸ್‌ಲ್ಯಾಂಡಿನ ರೈತನ ಮಗ ಅಲ್ಲಿ ಸೈನಿಕನಾಗಿದ್ದ. ಊರಿಗೆ ಮರಳಿ 1661ರಲ್ಲಿ ತನ್ನ ಬದುಕಿನ ಕಥೆ ಬರೆದ. ಅದೂ ಬಹುಕಾಲ ಕೈಪ್ರತಿಯಲ್ಲೇ ಓಡಾಡಿತು. ಅದೇ ತರಂಗಂಬಾಡಿಯಲ್ಲಿ, ಡೇನಿಶ್ ರಾಜ ಕಳಿಸಿದ ಜೀಗನ್‌ಬಾಲ್ಗ್ ಎಂಬ ಪಾದ್ರಿಯ ಕೆಲಸದಿಂದ, 1715ರ ಹೊತ್ತಿಗೆ ತಮಿಳು ಹೊಸ ಒಡಂಬಡಿಕೆ ಅಚ್ಚಾಯಿತು. ಬಂಗಾಳದ ಶ್ರೀರಾಮಪುರವೂ ಡೇನಿಶರದ್ದೇ ಆಗಿತ್ತು. ಈಸ್ಟ್ ಇಂಡಿಯಾ ಕಂಪನಿ ಜಾಗ ಕೊಡದಿದ್ದಾಗ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಮತ್ತು ಜೊತೆಗಾರರು ಅಲ್ಲಿ ನೆಲೆ ನಿಂತರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು ಆ ಶ್ರೀರಾಮಪುರದಲ್ಲೇ. ಕನ್ನಡದ ಅಕ್ಷರ ಅಚ್ಚುಮೊಳೆಯಾದ ಆರಂಭದ ದಿನಗಳಿಗೂ ಐಸ್‌ಲ್ಯಾಂಡನ್ನು ಆಳಿದ ಅದೇ ಸಿಂಹಾಸನಕ್ಕೂ ಹೀಗೊಂದು ನಂಟಿದೆ. ಮಕ್ಕಳಿಗೆ ನಕ್ಷೆಯಲ್ಲಿ ಈ ಮೂರು ಜಾಗ ಗುರುತಿಸಲು ಹೇಳಿ ನೋಡಿ, ತರಗತಿ ಹೇಗೆ ಚುರುಕಾಗುತ್ತದೆ ಅಂತ.

ನನ್ನ ಕೋರಿಕೆ ಇಷ್ಟೇ. ಒಂದು ಪುಟ. ಅದರಲ್ಲಿ ಒಂದು ನಕ್ಷೆ, ಐಸ್‌ಲ್ಯಾಂಡ್, ಫಾರೋ, ಡೆನ್ಮಾರ್ಕ್, ತರಂಗಂಬಾಡಿ, ಶ್ರೀರಾಮಪುರ ಗುರುತಿಸಿ. 1584ರ ಬೈಬಲ್‌ನ ಮುಖಪುಟದ ಚಿತ್ರ ಹಾಕಿ. ಯೋನ್ ಅರಾಸೋನ್‌ರ ಸಾವನ್ನು ಬಿಡಬೇಡಿ. ಅಭ್ಯಾಸದ ಪ್ರಶ್ನೆಗಳಲ್ಲಿ ಇಸವಿ ಕೇಳುವುದಕ್ಕಿಂತ ಹೀಗೆ ಕೇಳಿ: ಒಂದೇ ರಾಜ, ಒಂದೇ ಮತ ಇದ್ದರೂ ಐಸ್‌ಲ್ಯಾಂಡಿನ ಚರ್ಚಿಗೂ ಫಾರೋದ ಚರ್ಚಿಗೂ ಭಾಷೆಯಲ್ಲಿ ಯಾಕೆ ವ್ಯತ್ಯಾಸವಾಯಿತು? ಒಂದೇ ಉತ್ತರ ಇಲ್ಲದ ಪ್ರಶ್ನೆ ಇದು. ಮಕ್ಕಳು ಜಗಳವಾಡಲಿ, ಅಂಕ ಕೊಡುವಾಗ ವಾದ ನೋಡಿ ಕೊಡೋಣ.

ಜಾಗ ಸಾಲದು ಅನ್ನುವುದಾದರೆ ಶಿಕ್ಷಕರ ಕೈಪಿಡಿಯಲ್ಲಾದರೂ ಸೇರಿಸಿ. ಮುಂದಿನ ಪರಿಷ್ಕರಣೆಯಲ್ಲಿ ಪುಸ್ತಕಕ್ಕೆ ತರಬಹುದು. ಹೆಸರುಗಳ ಉಚ್ಚಾರ, ನಕ್ಷೆ, ಪ್ರಶ್ನೆಗಳ ಕರಡು, ಯಾವುದಕ್ಕೆ ಕೈ ಜೋಡಿಸಬೇಕೆಂದರೂ ನಾವು ಮೇಷ್ಟ್ರುಗಳು ಬರುತ್ತೇವೆ. ರಜೆಯಲ್ಲಿ ಕರೆದರೂ ಸರಿ.

ಇಂತಿ ನಿಮ್ಮ ವಿಶ್ವಾಸಿ,
ಹೈಸ್ಕೂಲಿನ ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು